ಯಾವ ಫಿಟ್ಸ್?

ತಮ್ಮನ ಫಿಟ್ಸಿನ ಹಳೇ ಫೈಲಿನಲ್ಲಿ 'ಗ್ರ್ಯಾಂಡ್ ಮಾಲ್' ಎಂದಿದೆ. ಈ ವರ್ಷ ಮಂಗಳೂರಿನಲ್ಲಿ ತೋರಿಸಿದ ಹೊಸ ಡಾಕ್ಟರು ಚೀಟಿಯಲ್ಲಿ 'ಜಿಟಿಸಿಎಸ್' ಎಂದು ಬರೆದರು. ಬಸ್ಸಲ್ಲಿ ಚೀಟಿ ಹಿಡಿದೇ ಕೂತಿದ್ದ ಅಮ್ಮ ಸುರತ್ಕಲ್ ದಾಟಿದ ಮೇಲೆ ಮೆಲ್ಲ ಕೇಳಿದರು: "ಇದು ಬೇರೆ ಕಾಯಿಲೆಯಾ ಮಗಾ? ಮೊದಲಿನದ್ದು ಹೋಯಿತಾ?"

ಎಂತ ಹೇಳುವುದು? ಎರಡೂ ಒಂದೇ. ಗ್ರ್ಯಾಂಡ್ ಮಾಲ್ ಅಂದ್ರೆ ಫ್ರೆಂಚಿನಲ್ಲಿ 'ದೊಡ್ಡ ಕಾಯಿಲೆ'. ಸುಮ್ನೆ ಹೆದರಿಸುವ ಹೆಸರು. ಜಿಟಿಸಿಎಸ್ ಅಂದ್ರೆ 'ಜನರಲೈಸ್ಡ್ ಟಾನಿಕ್ ಕ್ಲೋನಿಕ್ ಸೀಜರ್', ಸೀಜರ್ ಅಂದ್ರೆ ಫಿಟ್ಸ್. ಹೇಳಲು ನಾಲಿಗೆ ತಿರುಗುವುದಿಲ್ಲ, ಆದರೆ ಕಣ್ಣೆದುರು ನಡೆಯುವುದನ್ನೇ ಹೇಳುತ್ತದೆ. ಜನರಲೈಸ್ಡ್ ಅಂದ್ರೆ ಮಿದುಳಿನ ಎರಡೂ ಬದಿಯಲ್ಲಿ. ಟಾನಿಕ್ ಅಂದ್ರೆ ಮೈ ಸೆಟೆಯುವುದು. ಆಗ ಎದೆ ಬಿಗಿದು ಗಾಳಿ ಹೊರಗೆ ನುಗ್ಗುತ್ತದೆ, ಒಂದು ಕೂಗು ಬರುತ್ತದೆ. ಅದು ನೋವಿನ ಕೂಗಲ್ಲ, ಅವನಿಗೆ ಆಗ ಎಚ್ಚರವೇ ಇರುವುದಿಲ್ಲ ಎಂದು ತಿಳಿದ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿದೆ. ಆಮೇಲೆ ಕೈಕಾಲು ಜಗ್ಗುವುದು ಕ್ಲೋನಿಕ್.

ನಮ್ಮ ಕನ್ನಡದ ಫಜೀತಿ ನೋಡಿ. ಬಿಸಿಲಿಗೆ ತಲೆ ತಿರುಗಿ ಬಿದ್ದರೂ ಮೂರ್ಛೆ, ಇದೂ ಮೂರ್ಛೆ. ಕ್ಲಾಸಿನಲ್ಲಿ ಹತ್ತು ಸೆಕೆಂಡ್ ಶೂನ್ಯ ನೋಡುತ್ತಾ ಕೂರುವ ಮಗುವಿನದ್ದೂ ಒಂದು ಜಾತಿ ಫಿಟ್ಸೇ, 'ಆಬ್ಸೆನ್ಸ್'. ಅದಕ್ಕೆ ಸಿಗುವುದು ಮಾತ್ರ ಬೈಗುಳ.

ಹೋದ ವರ್ಷ ತಮ್ಮ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ. ಹಿಂದಿನ ರಾತ್ರಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದ್ದ, ನಿದ್ದೆಗೆಟ್ಟರೆ ಬರುತ್ತದೆ ಎಂದು ಗೊತ್ತಿದ್ದೂ. ನಾಲ್ಕು ಕೀ ಗೊಂಚಲು ಅವನ ಕೈಗೆ ಬಂತು. ಸ್ವಲ್ಪ ಹೊತ್ತಿಗೆ ನಿಂತಿತು. "ಕಬ್ಬಿಣ ಮುಟ್ಟಿದ ಕೂಡಲೇ ನಿಂತಿತು ನೋಡಿ!" ಅಲ್ಲ ಮಾರಾಯ್ರೆ, ಹೆಚ್ಚಾಗಿ ಅದು ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಹೆಸರು ಕೀಗೆ. ನಿಜವಾಗಿ ಕೆಲಸ ಮಾಡಿದ್ದು ಮಲ್ಲಿಗೆ ಮಾರುವ ಒಬ್ಬ ಅಕ್ಕ. ತಲೆಯಡಿಗೆ ಒದ್ದೆ ಗೋಣಿ ಮಡಚಿಟ್ಟರು, ಬಾಯಿಗೆ ಚಮಚ ತುರುಕಲು ಬಂದವನ ಕೈ ತಟ್ಟಿದರು, ಜಗ್ಗುವುದು ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿದರು.

ಗಡಿಯಾರ ಮಾತ್ರ ಯಾರೂ ನೋಡಲಿಲ್ಲ, ನಾನೂ. ಐದು ನಿಮಿಷ ದಾಟಿದರೆ, ಅಥವಾ ನಡುವೆ ಎಚ್ಚರವಾಗದೆ ಒಂದರ ಮೇಲೊಂದು ಬಂದರೆ ಅದು 'ಸ್ಟೇಟಸ್ ಎಪಿಲೆಪ್ಟಿಕಸ್'. ವಾಟ್ಸಾಪ್ ಸ್ಟೇಟಸ್ ಅಲ್ಲ, ಜೀವಕ್ಕೇ ಅಪಾಯ. ಐದು ನಿಮಿಷ ಆಯಿತೆಂದರೆ 108ಕ್ಕೆ ಫೋನ್ ಮಾಡಲೇಬೇಕು. ಡಾಕ್ಟರು ಬರೆದುಕೊಟ್ಟ, ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಮೂಗಿನ ಸ್ಪ್ರೇ ಈಗ ಅಮ್ಮನ ಬ್ಯಾಗಿನಲ್ಲೇ ಇರುತ್ತದೆ.

ಮೊನ್ನೆ ಮನೆಯಲ್ಲಿ ಫಿಟ್ಸ್ ಬಂದಾಗ ಅಮ್ಮ ಗೋಡೆ ಗಡಿಯಾರ ನೋಡಿ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದರು: "ಬಲಗೈ ಮೊದಲು. ಆಮೇಲೆ ಎಲ್ಲಾ. ಒಂದೂಮುಕ್ಕಾಲು ನಿಮಿಷ." ಡಾಕ್ಟರು ಅದನ್ನು ಎರಡು ಸಲ ಓದಿದರು. ಒಂದೇ ಬದಿಯಲ್ಲಿ ಶುರುವಾಗಿ ಹರಡುವುದಾದರೆ ಹೆಸರೂ ಬೇರೆ, ಮಾತ್ರೆಯೂ ಬೇರೆಯಾಗಬಹುದು ಎಂದರು. ಎಂಆರ್‌ಐ ಬರೆದರು, ಜಿಟಿಸಿಎಸ್ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿದರು.

ವಾಪಸ್ ಬರುವಾಗ ಸುರತ್ಕಲ್ ದಾಟಿದರೂ ಅಮ್ಮ ಏನೂ ಕೇಳಲಿಲ್ಲ. ಮೂಲ್ಕಿ ಹತ್ತಿರ ಹೇಳಿದರು, "ಎಡಗೈ ನೋಡಲು ಮರೆತೆ. ಮುಂದಿನ ಸಲ ನೋಡ್ತೇನೆ."