ಓದುವ ಅವ್ವನಿಗೆ ಕಾಲಂ ಇಲ್ಲ

ನಮ್ಮ ಸರ್ಕಾರಕ್ಕೆ ಓದುವವರ ಮೇಲೆ ಪ್ರೀತಿ ಜಾಸ್ತಿ. ಒಂದೇ ಷರತ್ತು: ಓದುವವರು ಯಾರದಾದರೂ ಮಕ್ಕಳಾಗಿರಬೇಕು. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಮಂಡಳಿಯ ಸಹಾಯಧನ ಇದೆ. ಹೊಲದವಳೇ, ಗಾರೆ ಕೆಲಸದವಳೇ ಪುಸ್ತಕ ಹಿಡಿದು ಕೂತರೆ? ಅಂಥ ಅನಾಹುತವನ್ನು ಯೋಜನೆ ಬರೆದವರು ಊಹಿಸಿರಲಿಲ್ಲ.

ನಾವು ಊಹಿಸೋಣ. ರಾಯಚೂರು ಕಡೆಯ ಒಬ್ಬ ತಾಯಿ. ಹತ್ತಿ ಬಿಡಿಸುವ ಕೂಲಿ. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮದುವೆ. ವರ್ಷಗಳ ಮೇಲೆ ಹಟ ಹಿಡಿದು ಪಿಯುಸಿ ಕಟ್ಟಿ ಪಾಸಾದಳು. ಈಗ ಮಗ ಪಿಯುಸಿ, ಅವ್ವ ಬಿಎ. ಇಬ್ಬರೂ ಸ್ಕಾಲರ್‌ಶಿಪ್ ಅರ್ಜಿ ಹಾಕಲು ತೀನ್ ಕಂದೀಲ್ ಹತ್ತಿರದ ಆನ್‌ಲೈನ್ ಅಂಗಡಿಗೆ ಬಂದರು.

ಮಗನದು ಸಲೀಸು. ತಾಯಿಯ ಆಧಾರ್ ಕೇಳಿತು, ಪಕ್ಕದಲ್ಲೇ ಇದ್ದ ತಾಯಿ ಕೊಟ್ಟಳು. ಆಮೇಲೆ ತಾಯಿಯ ಸರದಿ.

"ನಿಮ್ಮ ಅವ್ವಂದು ಆಧಾರ್ ಕೊಡ್ರಿ."

"ನಮ್ಮವ್ವ ತೀರಿಕೊಂಡಾಳಪ್ಪ. ಆಧಾರ್ ಬರೋಕಿಂತ ಮುಂಚೇನೇ."

"ಮತ್ತ ಅಪ್ಪಂದು?"

"ಅವನೂ ಇಲ್ಲ."

"ಅರ್ಜಿ ಮುಂದಕ್ಕ ಹೋಗವಲ್ದು ನೋಡ್ರಿ. ಪೋಷಕರು ಯಾರು ಅಂತ ಹಾಕ್ಲಿ?"

ಮಗ ಕೈ ಎತ್ತಿದನಂತೆ. ಪಾಪ, ಅವನಿಗಿನ್ನೂ ಹದಿನೆಂಟು ತುಂಬಿಲ್ಲ. ತಾಯಿಗೆ ಪೋಷಕನಾಗಲು ಇನ್ನೊಂದು ವರ್ಷ ಕಾಯಬೇಕು.

ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಮಾಫಿ ಅಲ್ವಾ, ಇನ್ನೇನು ಬೇಕು ಅಂತ ಕೇಳುವವರಿದ್ದಾರೆ. ಅವರು ಹತ್ತಿ ಹೊಲ ನೋಡಿಲ್ಲ. ಆಕೆ ಕಟ್ಟುವ ದೊಡ್ಡ ಫೀಸು ಕಾಲೇಜಿನ ರಸೀದಿಯಲ್ಲಿ ಇರುವುದೇ ಇಲ್ಲ. ಕ್ಲಾಸಿಗೆ ಕೂತ ದಿನ ಕೂಲಿ ಇಲ್ಲ. ಹತ್ತಿ ಬಿಡಿಸುವ ಚಳಿಗಾಲದಲ್ಲಿ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಆಗಲೇ ಪರೀಕ್ಷೆಯೂ ಬಂದು ನಿಲ್ಲುತ್ತದೆ. ಹೋದ ಕೂಲಿಗೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಆದಾಯ ಪ್ರಮಾಣಪತ್ರದಲ್ಲಿ ಮಾತ್ರ ಅದೇ ಕೂಲಿಯನ್ನು ಪೈಸೆ ಪೈಸೆ ಲೆಕ್ಕ ಹಿಡಿಯುತ್ತಾರೆ.

ಯುವನಿಧಿ ಇನ್ನೂ ಚೆಂದ. ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಮುಂದೆ ಓದುತ್ತೇನೆ ಅಂದರೆ ಇಲ್ಲ. ಕೊಡಬೇಡಿ ಅನ್ನುತ್ತಿಲ್ಲ, ನಿರುದ್ಯೋಗದ ಸಂಕಟ ನಮಗೂ ಗೊತ್ತು. ಆದರೆ ಓದಿ ಸುಮ್ನೆ ಕೂತವರಿಗೆ ಇರುವ ದುಡ್ಡು ಸುಮ್ನೆ ಕೂರದೆ ಓದುವವಳಿಗೆ ಯಾಕಿಲ್ಲ?

ಹಾಗಂತ ಆಕೆಯ ಕೈ ಪೂರ್ತಿ ಖಾಲಿ ಅಂತಲ್ಲ. ಗೃಹಲಕ್ಷ್ಮಿಯ 2,000 ಇದೆ, ಕಂತು ಬಂದ ತಿಂಗಳು. ಅದರಲ್ಲಿ ಫ್ರಿಜ್ ಕೊಂಡರೆ ಸುದ್ದಿ, ಊರಿಗೆ ಹೋಳಿಗೆ ಹಾಕಿಸಿದರೆ ದೊಡ್ಡ ಸುದ್ದಿ. ಸ್ವಂತ ಪರೀಕ್ಷಾ ಶುಲ್ಕ ಕಟ್ಟಿದರೆ ಮನೆಯವರೇ ಮುಖ ಸಿಂಡರಿಸುತ್ತಾರೆ. 2023ರ ಜೂನ್‌ನಿಂದ ಶಕ್ತಿ ಬಸ್ಸೂ ಇದೆ. ನಾಡಕಚೇರಿಗೆ, ಬ್ಯಾಂಕಿಗೆ, ಸಮಾಜ ಕಲ್ಯಾಣ ಇಲಾಖೆಗೆ ಎಷ್ಟು ಸಲ ಬೇಕಾದರೂ ಉಚಿತವಾಗಿ ಅಲೆಯಬಹುದು. ಅಲೆದಾಟದ ಮಟ್ಟಿಗೆ ಪೂರ್ಣ ವಿದ್ಯಾರ್ಥಿವೇತನ ಸಿಕ್ಕಂತೆಯೇ.

2011ರ ಜನಗಣತಿ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ ಓದು ಬರಹ ಬಲ್ಲ ಹೆಣ್ಣುಮಕ್ಕಳು ಅರ್ಧಕ್ಕೂ ಕಡಿಮೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದು ದಶಕ ದಾಟಿತು. ಭಾಷಣಕ್ಕೆ ಇವೆರಡು ಸಾಕು. ಮಹಿಳಾ ದಿನಾಚರಣೆಗೆ ಈ ತಾಯಿಯನ್ನೇ ವೇದಿಕೆಗೆ ಕರೆಯುತ್ತಾರೆ ಅಂತಿಟ್ಟುಕೊಳ್ಳಿ. "ಇಳಿವಯಸ್ಸಿನಲ್ಲೂ ಕಲಿಕೆಯ ದಾಹ" ಎಂದು ನಿರೂಪಕರು ಗದ್ಗದಿತರಾಗುತ್ತಾರೆ. ಆಕೆಗೆ ಮೂವತ್ತಾರು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಆ ದಿನದ ಕೂಲಿಯೂ ಹೋಯಿತು ಅನ್ನಿ.

"ಸಾರ್, ಈ ಶಾಲಿನ ಬದಲು ನನ್ನ ಪರೀಕ್ಷಾ ಫೀಸು ಕಟ್ಟಾಕ ಬರ್ತದೇನ್ರಿ?"

"ಅದಕ್ಕ ಬಜೆಟ್‌ನಾಗ ಹೆಡ್ ಇಲ್ಲಮ್ಮ. ಶಾಲಿಗೆ ಐತಿ."