ಮಾತಾಡಿದವರ ಹೆಸರು ಬೋರ್ಡಿನಲ್ಲಿ ಬರೆಸಬೇಕೇ?

ಪರ

ಕಾಸರಗೋಡಿನ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೆಂದರೆ 1ರಿಂದ 4ರವರೆಗಿನ ತರಗತಿ. ಟೀಚರೊಬ್ಬರು ರಜೆ ಹಾಕಿದರೆ ಎರಡು ತರಗತಿ ಒಬ್ಬರ ತಲೆಗೆ ಬರುತ್ತದೆ. ಹಲಗೆಯ ತಟ್ಟಿಯಿಟ್ಟು ಭಾಗ ಮಾಡಿದ ಹಳೆಯ ಹಾಲಿನಲ್ಲಂತೂ ಒಂದು ಕಡೆಯ ಗಲಾಟೆ ಉಳಿದ ಮೂರು ಕಡೆಯ ಪಾಠವನ್ನೂ ಕೆಡಿಸುತ್ತದೆ. ಬೆತ್ತದ ಕಾಲ ಮುಗಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಉಳಿದದ್ದು, ಟೀಚರಿಲ್ಲದಾಗ ಮಾತಾಡಿದವರ ಹೆಸರು ಬರೆಯುವ ಲೀಡರನ ಕೈಯ ಚಾಕ್.

ಆ ಚಾಕ್ ಕೆಟ್ಟದ್ದಲ್ಲ, ಬಳಸುವ ಕ್ರಮ ಕೆಟ್ಟಿದೆ. ವರ್ಷವಿಡೀ ಒಬ್ಬನೇ ಲೀಡರಾದರೆ ಗೆಳೆಯರ ಹೆಸರು ಬೋರ್ಡಿಗೆ ಬರುವುದೇ ಇಲ್ಲ, ನೆಲ್ಲಿಕಾಯಿ ಕೊಡದವನ ಹೆಸರು ಎಲ್ಲಕ್ಕಿಂತ ಮೇಲೆ! ಹಾಜರಿ ಪಟ್ಟಿಯ ಕ್ರಮದಲ್ಲಿ ವಾರಕ್ಕೊಬ್ಬರನ್ನು ಮಾಡಿ. ಹೆಸರಿನ ಮುಂದೆ ಇಂಟು ಹಾಕಲು ಬಿಡಬೇಡಿ. ಹೇಗೂ ಬಿದ್ದಾಯಿತಲ್ಲ ಎಂದು ಹುಡುಗ ಮತ್ತಷ್ಟು ಮಾತಾಡುತ್ತಾನೆ. ಬದಲಿಗೆ, 10 ನಿಮಿಷ ಸುಮ್ಮನಿದ್ದರೆ ಹೆಸರು ಅಳಿಸಬೇಕೆಂಬ ನಿಯಮವಿರಲಿ. ಪಟ್ಟಿ ಕೆಲಸ ಮಾಡುವುದು ಚಾಕಿನಿಂದಲ್ಲ, ಡಸ್ಟರಿನಿಂದ. ಟೀಚರ್ ಬಂದ ಮೇಲೆ ಹೆಸರು ಓದುವುದೂ ಬೇಡ, ಯಾರನ್ನೂ ನಿಲ್ಲಿಸುವುದೂ ಬೇಡ. ಸತತ 3 ದಿನ ಅದೇ ಹೆಸರು ಕಂಡರೆ ಬೆಂಚು ಬದಲಿಸಿ. 1 ಮತ್ತು 2ನೇ ತರಗತಿಗೆ ಈ ಪದ್ಧತಿಯೇ ಬೇಡ.

ವಿರೋಧ

ಮಕ್ಕಳು ಮಾತಾಡುವುದು ಏನನ್ನು? ಇಲ್ಲಿನ ಕನ್ನಡ ತರಗತಿಯ ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಮನೆಮಾತಿನವರಿರುತ್ತಾರೆ. ಟೀಚರ್ ಲೆಕ್ಕ ಕೊಟ್ಟು ಆಚೆ ಹೋದ ಕೂಡಲೇ ಒಬ್ಬಳು "ಟೀಚರ್ ದಾದ ಪಂಡೆರ್?" (ಟೀಚರ್ ಏನು ಹೇಳಿದರು?) ಎಂದು ಕೇಳುತ್ತಾಳೆ, ಪಕ್ಕದವಳು ತುಳುವಿನಲ್ಲಿ ಬಿಡಿಸಿ ಹೇಳುತ್ತಾಳೆ. ಇಬ್ಬರ ಹೆಸರೂ ಬೋರ್ಡಿಗೆ. ಮರುದಿನ ಪಕ್ಕದವಳು ಬಾಯಿ ಬಿಡುವುದಿಲ್ಲ, ಕೇಳಿದವಳ ಲೆಕ್ಕ ಅಲ್ಲಿಗೇ ನಿಂತಿತು. ಜುಲೈಯಲ್ಲಿ ಶೀಟಿನ ಮಾಡಿಗೆ ಮಳೆ ಬಡಿಯುವಾಗ ಅಷ್ಟು ಹೇಳಲಿಕ್ಕೂ ಕೂಗಲೇಬೇಕು.

ವಾರಕ್ಕೊಬ್ಬ ಲೀಡರ್ ಎಂದರೆ ಹೋದ ವಾರ ಬರೆಸಿಕೊಂಡವನು ಈ ವಾರ ಬರೆಯುವವನು. ಸೇಡಿಗೆ ಸರದಿ ಹಚ್ಚಿದಂತೆ. ಒಂಬತ್ತು ವರ್ಷದ ಆ ಲೀಡರ್ ತನ್ನ ಲೆಕ್ಕ ಮಾಡುವುದು ಯಾವಾಗ? ದೀರ್ಘ, ಒತ್ತು ತಪ್ಪಿಸಿ ಅವನು ಬರೆದ ಹೆಸರು ಅಡ್ಡಹೆಸರಾಗಿ ಉಳಿಯುವುದೂ ಉಂಟು. ಅದನ್ನು ಯಾವ ಡಸ್ಟರ್ ಅಳಿಸೀತು?

ಗಲಾಟೆ ಏಳುವುದು ಇಬ್ಬರಿಂದ: ಐದೇ ನಿಮಿಷದಲ್ಲಿ ಮುಗಿಸಿದವರಿಂದ, ಶುರುಮಾಡಲೇ ಗೊತ್ತಾಗದವರಿಂದ. ಆದ್ದರಿಂದ ಆಚೆ ಹೋಗುವ ಮೊದಲು ಬೋರ್ಡಿನಲ್ಲಿ ಹೆಸರಿನ ಜಾಗದಲ್ಲಿ ಮೂರು ಕೆಲಸ ಬರೆಯಿರಿ. ಮೊದಲನೆಯದು ಎಲ್ಲರಿಗೂ ಬರುವಂಥದ್ದು, ಎರಡನೆಯದು ಜೋಡಿಯಾಗಿ ಮಾತಾಡಿಯೇ ಮಾಡಬೇಕಾದದ್ದು, ಮೂರನೆಯದು ಬೇಗ ಮುಗಿಸಿದವರಿಗೆ ಚಿತ್ರ. ದನಿಗೂ ಮೂರು ಅಳತೆ ಇರಲಿ: ಗುಟ್ಟಿನ ಮಾತು, ಬೆಂಚಿನ ಮಾತು, ಅಂಗಳದ ಮಾತು. ಜೂನ್ ತಿಂಗಳಲ್ಲಿ ದಿನಕ್ಕೆ 5 ನಿಮಿಷ ಇದನ್ನು ಆಟವಾಗಿ ರೂಢಿ ಮಾಡಿಸಿ. "ಗಲಾಟೆ ಮಾಡಬೇಡಿ" ಎಂದರೆ ಎಷ್ಟು ಮೆಲ್ಲ ಎಂದು ಮಗುವಿಗೆ ತಿಳಿಯದು, "ಬೆಂಚಿನ ಮಾತು" ಎಂದರೆ ತಿಳಿಯುತ್ತದೆ.

ಇನ್ನು ಬೆಂಚು ಬದಲಿಸುವ ಮಾತು. ಹಿಂದೆ ಕೂತವನಿಗೆ ಬೋರ್ಡು ಕಾಣುತ್ತದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಮೊದಲು ನೋಡಬೇಕು. ಕಾಣದವನು ಪಕ್ಕದವನನ್ನು ಕೇಳದೆ ಬರೆಯುವುದು ಹೇಗೆ? ಅಂಥವನನ್ನು ಮುಂದಿನ ಬೆಂಚಿಗೆ ತರಲು 3 ದಿನ ಅವನ ಹೆಸರು ಬರೆಸಿ ಕಾಯಬೇಕೇ?