ಗೇಮಿಗೆ ಗಂಟೆ ಕಟ್ಟುವವರು ಯಾರು?

ಚೀನಾದಲ್ಲಿ 2021ರ ಸೆಪ್ಟೆಂಬರ್ 1ರಿಂದ 18 ತುಂಬದವರು ಆನ್‌ಲೈನ್ ಗೇಮ್ ಆಡಬಹುದಾದದ್ದು ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಮಾತ್ರ. ಅದೂ ರಾತ್ರಿ 8ರಿಂದ 9ರವರೆಗೆ. ಇಂಥ ಕಾನೂನು ನಮಗೂ ಬೇಕಾ? ಒಬ್ಬರು ಬೇಕು ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ.

ಪರ: ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ

"ಅಮ್ಮಾ, ಇದೊಂದು ಮ್ಯಾಚ್." ನಮ್ಮನೆಯಲ್ಲಿ ಈ ಮಾತು ರಾತ್ರಿ ಒಂಬತ್ತಕ್ಕೆ ಶುರುವಾಗುತ್ತದೆ. ಹನ್ನೊಂದೂವರೆಗೆ ನಾನು ವೈಫೈ ಆಫ್ ಮಾಡಿದಾಗ ಜಗಳದಲ್ಲಿ ಮುಗಿಯುತ್ತದೆ. ಮಗ ಒಂಬತ್ತನೇ ಕ್ಲಾಸು. ಒಳ್ಳೆ ಹುಡುಗ, ಸುಮ್ನೆ ಹೇಳುತ್ತಿಲ್ಲ. ವೈಫೈ ಹೋದ ಮೇಲೆ ಅವನ ಮುಖ ನೋಡಿದರೆ ಮಾತ್ರ ಬೇರೆ ಯಾರೋ ಅನ್ನಿಸುತ್ತದೆ.

ತಂದೆತಾಯಿ ನೋಡಿಕೊಳ್ಳಬೇಕು ಎನ್ನುತ್ತಾರೆ. ಪಾಪ, ಹೇಳುವವರ ಮನೆಯಲ್ಲಿ ಹದಿನಾಲ್ಕರ ಹುಡುಗ ಇರಲಿಕ್ಕಿಲ್ಲ. ನಾವು ಚೌಕಾಬಾರ ಆಡುವಾಗ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯುತ್ತಿತ್ತು. ಈ ಗೇಮ್‌ಗಳಲ್ಲಿ ಹಣ್ಣಾಗುವುದು ಅಂತಲೇ ಇಲ್ಲ. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಹೋಯಿತು. ಗೇಮಿನೊಳಗಿನ ಪೆಟ್ಟಿಗೆ (ಲೂಟ್ ಬಾಕ್ಸ್ ಅನ್ನುತ್ತಾರೆ) ತೆರೆದರೆ ಒಂದು ಸಲ ಒಳ್ಳೆ ಸ್ಕಿನ್, ಅಂದರೆ ಪಾತ್ರಕ್ಕೆ ಹೊಸ ವೇಷ, ಹತ್ತು ಸಲ ಕಸ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನಕ್ಕೇ ಜೀವ ಜಾಸ್ತಿ ಅಂಟಿಕೊಳ್ಳುತ್ತದೆ ಅಂತ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಇಟ್ಟುಕೊಂಡು ತೋರಿಸಿ ಎಷ್ಟೋ ಕಾಲವಾಯಿತು. ಆ ಲೆಕ್ಕ ಬಲ್ಲ ಇಂಜಿನಿಯರುಗಳು ಒಂದು ಕಡೆ. ಕುಕ್ಕರ್ ಸೀಟಿ ಎಣಿಸುತ್ತಾ ನಾನೊಬ್ಬಳು ಇನ್ನೊಂದು ಕಡೆ.

ಇದು ಬರೀ ಅಮ್ಮಂದಿರ ಗೋಳಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲು, ಗೇಮಿನ ಗೀಳಿಗೆ ಅಂತಲೇ 'ಶಟ್' ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಟೈಮ್ ಕಟ್ಟೋಕೆ ಆಗಲ್ಲ ಅನ್ನಬೇಡಿ. ಮೊಬೈಲಲ್ಲಿ ಗುಂಡು ಹಾರಿಸುವ ಗೇಮ್ ಪಬ್‌ಜಿ 2020ರಲ್ಲಿ ನಿಷೇಧವಾಯಿತು. ಅದರ ಬದಲಿಗೆ ಭಾರತಕ್ಕೆಂದೇ ಬಂದ ಬಿಜಿಎಂಐ ಕೂಡ 2022ರಲ್ಲಿ ಮಾಯವಾಯಿತು. ಅದು 2023ರಲ್ಲಿ ವಾಪಸ್ ಬಂದಾಗ ಮಕ್ಕಳಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಅಂತ ಮಿತಿ ಹಾಕಿಕೊಂಡೇ ಬಂತು. ಅಂದರೆ ಬಿಗಿ ಹಿಡಿದರೆ ಕಂಪನಿಯಿಂದ ಆಗುತ್ತದೆ. ಆದರೆ ಒಂದು ಗೇಮಿಗೆ ಮಾತ್ರ ಮಿತಿ ಇದ್ದರೆ ಅದು ಮುಗಿದ ಮೇಲೆ ಇನ್ನೊಂದು ಗೇಮ್, ಅಷ್ಟೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಗೇಮ್‌ಗಳನ್ನು ನಿಷೇಧಿಸಿತು. ನಿದ್ದೆ ಕಟ್ಟಿ ಆಡುವ ಗೇಮ್‌ಗಳ ಬಗ್ಗೆ ಯಾರು ಯೋಚಿಸುತ್ತಾರೆ?

ಚೀನಾದಷ್ಟು ಬಿಗಿ ನನಗೂ ಬೇಡ. ರಾತ್ರಿ ಹತ್ತರ ಮೇಲೆ ಎಲ್ಲ ಮಕ್ಕಳಿಗೂ ಒಟ್ಟಿಗೇ ಬಂದ್ ಆದರೆ ಸಾಕು. ಗೆಳೆಯರೆಲ್ಲ ಆಡುತ್ತಿರುವಾಗ ನನ್ನ ಮಗನೊಬ್ಬನೇ ಎದ್ದು ಬರಬೇಕು. ಅಸಲಿಗೆ ನಮ್ಮಿಬ್ಬರ ಜಗಳ ಇರುವುದೇ ಅಲ್ಲಿ.

ವಿರೋಧ: ಗಡಿಯಾರ ನಮ್ಮ ಸೈಬರ್‌ನಲ್ಲೂ ಇತ್ತು

ನಾನು ಪಿಯುಸಿ ಓದಿದ್ದು 2007ರ ಹೊತ್ತಿಗೆ. ಓದಿದ್ದು ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಕಾಲೇಜಿನ ಹಿಂದಿನ ಸೈಬರ್‌ನಲ್ಲಿ ಕೌಂಟರ್-ಸ್ಟ್ರೈಕ್ ಎಂಬ ಗುಂಡು ಹಾರಿಸುವ ಗೇಮ್ ಆಡುತ್ತಿದ್ದೆ. ಗಂಟೆಗೆ 20 ರೂಪಾಯಿ. ಗಂಟೆ ಮುಗಿಯಿತು ಅಂದರೆ ಸ್ಕ್ರೀನ್ ತಾನಾಗಿ ಲಾಕ್. ಇದಕ್ಕಿಂತ ಬಿಗಿ ಗಡಿಯಾರವನ್ನು ಯಾವ ಸರ್ಕಾರ ತರುತ್ತದೆ? ನಾವೇನು ಆಟ ಬಿಟ್ಟೆವಾ? ಮಧ್ಯಾಹ್ನದ ಊಟ ಬಿಟ್ಟು ಆ ದುಡ್ಡು ಕಟ್ಟಿದೆವು.

ಆ ವರ್ಷ ಮ್ಯಾಥ್ಸ್ ಹೋಯಿತು. ಆಟದಿಂದ ಹೋಯಿತು ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಿಜ ಏನೆಂದರೆ ಮೊದಲ ಟೆಸ್ಟ್‌ನಲ್ಲೇ ಹೋಗಿತ್ತು, ಆಮೇಲೆ ಸೈಬರ್‌ಗೆ ಹೋಗಿದ್ದು. ಮನೆಯಲ್ಲಿ ನಾನು ಫೇಲಾದವನು. ಸೈಬರ್‌ನಲ್ಲಿ ಹೆಡ್‌ಶಾಟ್ ಹೊಡೆಯುವವನು. ಹುಡುಗ ಎಲ್ಲಿ ಕೂರುತ್ತಾನೆ, ನೀವೇ ಹೇಳಿ. ಪಿಯುಸಿ ಮುಗಿದು ಗ್ಯಾಂಗ್ ಚದುರಿತು, ಆಟವೂ ನಿಂತಿತು. ಯಾರೂ ಏನೂ ಮಾಡಬೇಕಾಗಲಿಲ್ಲ.

ಮೇಲೆ ಬರೆದ ಅಮ್ಮ ಕೇಳುತ್ತಿರುವ ಕಾನೂನು ಹೊಸದೇನಲ್ಲ. ದಕ್ಷಿಣ ಕೊರಿಯಾ 2011ರಲ್ಲೇ ತಂದಿತ್ತು. 16 ತುಂಬದವರಿಗೆ ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಬಂದ್. ಅದಕ್ಕೆ ಸಿಂಡ್ರೆಲಾ ಕಾನೂನು ಅಂತ ಅಡ್ಡಹೆಸರೂ ಬಿತ್ತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಆ ಕಟ್ಟು ಇದ್ದದ್ದು ಮುಖ್ಯವಾಗಿ ಕಂಪ್ಯೂಟರ್ ಗೇಮಿಗೆ. ಅಷ್ಟರಲ್ಲಿ ಮೊಬೈಲು ಬಂತು, ಮಕ್ಕಳೆಲ್ಲ ಅಲ್ಲಿಗೆ ಹೋದರು. ಹತ್ತು ವರ್ಷ ನೋಡಿ 2022ರ ಜನವರಿಯಿಂದ ಕಾನೂನನ್ನೇ ತೆಗೆದು ಹಾಕಿದರು.

ಚೀನಾ ಮೊದಲು 2019ರಲ್ಲಿ ಮಕ್ಕಳಿಗೆ ಮಾಮೂಲಿ ದಿನ 90 ನಿಮಿಷ, ರಜೆಯ ದಿನ 3 ಗಂಟೆ ಅಂತ ಮಾಡಿತ್ತು. ಅದರಿಂದ ಏನಾಯಿತು ಅಂತ ಸಂಶೋಧಕರು ಸುಮಾರು 700 ಕೋಟಿ ಗಂಟೆಗಳ ಆಟದ ದಾಖಲೆ ಜಾಲಾಡಿದರು. ಅತಿಯಾಗಿ ಆಡುವುದು ಕಡಿಮೆಯಾಯಿತು ಅನ್ನಲು ನಂಬುವಂಥ ಪುರಾವೆ ಸಿಗಲಿಲ್ಲ ಅಂತ 2023ರಲ್ಲಿ ಬರೆದರು. ಈ ನಡುವೆ ಚೀನಾದ ಗೇಮ್ ಕಂಪನಿ ಟೆನ್ಸೆಂಟ್ ರಾತ್ರಿ ಆಡುವವರ ಮುಖ ಸ್ಕ್ಯಾನ್ ಮಾಡಲು ಶುರು ಮಾಡಿತ್ತು. ಮಕ್ಕಳನ್ನು ಹಿಡಿಯಲು ದೊಡ್ಡವರ ಮುಖವನ್ನೂ ಕಂಪನಿಗೆ ಕೊಡಬೇಕು. ನಮ್ಮಲ್ಲಿ ಇದು ಬಂದರೆ ತಾತನ ಆಧಾರ್ ಕಾರ್ಡ್ ಬೀರುವಿನಲ್ಲಿ ಎಲ್ಲಿದೆ ಅಂತ ಮೊಮ್ಮಗನಿಗೇ ಮೊದಲು ಗೊತ್ತಾಗುತ್ತದೆ.

ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅವರ ವಿವರಣೆಯಲ್ಲಿ ದಿನಕ್ಕೆ ಇಷ್ಟು ಗಂಟೆ ಅಂತ ಲೆಕ್ಕವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆಲ್ಲಕ್ಕಿಂತ ಆಟವೇ ಮುಂದಾಗಿದೆಯಾ, ಕೆಡುಕಾಗುತ್ತಿದ್ದರೂ ಬಿಡಲು ಆಗುತ್ತಿಲ್ಲವಾ, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿದೆಯಾ ಅಂತ ನೋಡುತ್ತಾರೆ. ಇದನ್ನು ಗಡಿಯಾರ ಹೇಳಲಾರದು.

ಆಟ ಅನ್ನುವುದೂ ಒಂದೇ ಥರ ಇರುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟ ಗಾಯದವರಿಗೆ ಡ್ರೆಸ್ಸಿಂಗ್ ಮಾಡುವಾಗ ಕಣ್ಣಿಗೆ ಬೇರೊಂದು ಲೋಕ ತೋರಿಸುವ ವಿಆರ್ ಹೆಡ್‌ಸೆಟ್ ಹಾಕುತ್ತಾರೆ. ಅದರೊಳಗೆ ಹಿಮದ ಕಣಿವೆ, ಪೆಂಗ್ವಿನ್‌ಗಳಿಗೆ ಹಿಮದ ಉಂಡೆ ಎಸೆಯುವ ಆಟ. ನೋವಿನ ಕಡೆ ಗಮನ ಕಡಿಮೆಯಾಗುತ್ತದೆ. ಅಂದರೆ ಒಳಗೆಳೆದುಕೊಳ್ಳುವ ಶಕ್ತಿಯೇ ಇಲ್ಲಿ ಔಷಧಿ.

ಆ ಅಮ್ಮ ಹೇಳಿದ ಪೆಟ್ಟಿಗೆಯ ವಿಷಯ ಮಾತ್ರ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಅದಕ್ಕೆ ಮಗನ ಗಂಟೆ ಎಣಿಸುವುದೇಕೆ? ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಜೂಜು ಅಂತ ಸಾರಿತು. ಮರುವರ್ಷ ಇಎ ಎಂಬ ಗೇಮ್ ಕಂಪನಿ ತನ್ನ ಫುಟ್‌ಬಾಲ್ ಗೇಮಿನಲ್ಲಿ ಇಂಥ ಪೆಟ್ಟಿಗೆ ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳನ್ನು ಆ ದೇಶದಲ್ಲಿ ಮಾರುವುದನ್ನು ನಿಲ್ಲಿಸಿತು. ಹುಡುಗರು ಆ ಗೇಮ್ ಆಡುತ್ತಲೇ ಇದ್ದರು, ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ ಮಾತ್ರ ಇರಲಿಲ್ಲ.